ನೆಲಸಂಪಿಗೆ: ಮಾವಿನ ನೆರಳಿಗೆ ಒಂದು ಬೇಸಿಗೆ ಹೂ

ಯುಗಾದಿ ಕಳೆದು ಹತ್ತು-ಹದಿನೈದು ದಿನ ಆಗಿರುತ್ತದೆ. ರಾತ್ರಿ ಗುಡುಗಿ ಒಂದು ಅಡ್ಡ ಮಳೆ ಬಂದು ಹೋಗಿರುತ್ತದೆ. ಬೆಳಗ್ಗೆ ಹಿತ್ತಲು ಗುಡಿಸಲು ಹೋದರೆ ಮಾವಿನ ಮರದ ಕೆಳಗೆ, ಬರಿ ನೆಲದ ಮೇಲೆ, ಬಿಳಿ-ನೇರಳೆ ಹೂ. ಎಲೆ ಇಲ್ಲ, ಕಡ್ಡಿ ಇಲ್ಲ. ಮೊದಲ ಸಲ ನೋಡಿದಾಗ ಪಕ್ಕದ ಮನೆಯ ವೈನಿ "ಪೂಜಿ ಹೂ ಯಾರ ಇಲ್ಲಿ ಚೆಲ್ಯಾರ್ರಿ?" ಎಂದು ಕೇಳಿದ್ದರು. ಎತ್ತಿಕೊಳ್ಳಲು ಬಗ್ಗಿದ ಮೇಲೆ ಗೊತ್ತಾಯಿತು, ಹೂ ನೆಲದೊಳಗಿಂದಲೇ ಬಂದಿದೆ ಎಂದು.

ಇದೇ ನೆಲಸಂಪಿಗೆ. ಸಂಸ್ಕೃತದಲ್ಲಿ ಭೂಚಂಪಕ. ನಮ್ಮ ಬೆಳಗಾವಿಯಲ್ಲಿ ಮರಾಠಿ ಮಾತಾಡುವ ಮನೆಗಳಲ್ಲಿ ಭುಯಿಚಾಫಾ ಎನ್ನುತ್ತಾರೆ. ಹೆಸರಲ್ಲಿ ಸಂಪಿಗೆ ಇದ್ದರೂ ಸಂಪಿಗೆ ಮರಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ಅರಿಶಿನ, ಶುಂಠಿಯ ಬಳಗದ್ದು. ಸಸ್ಯಶಾಸ್ತ್ರದ ಹೆಸರು ಕೆಂಪ್ಫೇರಿಯಾ ರೋಟುಂಡಾ. ಜಪಾನ್‌ವರೆಗೂ ಹೋಗಿ ಬಂದಿದ್ದ ಜರ್ಮನ್ ವೈದ್ಯ ಎಂಗೆಲ್ಬರ್ಟ್ ಕೆಂಪ್ಫರ್ ನೆನಪಿಗೆ 1753ರಲ್ಲಿ ಲಿನೇಯಸ್ ಇಟ್ಟ ಹೆಸರು ಅದು. ನರ್ಸರಿಯಲ್ಲಿ ಆ ಹೆಸರು ಹೇಳಿದರೆ ಯಾರಿಗೂ ತಿಳಿಯುವುದಿಲ್ಲ ಬಿಡಿ. ಆನ್‌ಲೈನ್‌ನಲ್ಲಿ ತರಿಸುವವರಿಗೆ ಮಾತ್ರ ಉಪಯೋಗಕ್ಕೆ ಬರುತ್ತದೆ.

ಮರದ ನೆರಳಲ್ಲಿ ಏನೂ ಬರುವುದಿಲ್ಲ ಎಂದು ಜಾಗ ಖಾಲಿ ಬಿಟ್ಟವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಈ ಗಿಡಕ್ಕೆ ದುಬಾರಿ ಗೊಬ್ಬರ ಬೇಡ, ದಿನಾ ನೀರೂ ಬೇಡ. ಆದರೆ ವರ್ಷದಲ್ಲಿ ನಾಲ್ಕೈದು ತಿಂಗಳು ಅದು ಕಣ್ಣಿಗೇ ಕಾಣುವುದಿಲ್ಲ. ನನ್ನ ಅನುಭವದಲ್ಲಿ ನೆಲಸಂಪಿಗೆ ಹಾಳಾಗುವುದು ಹೆಚ್ಚಾಗಿ ಆ ತಿಂಗಳುಗಳಲ್ಲೇ. ಅದೂ ನಮ್ಮ ಕೈಯಿಂದಲೇ.

ಮೊದಲು ಗಿಡದ ಸ್ವಭಾವ ತಿಳಿದುಕೊಳ್ಳಿ

ಎಲೆ ಉದುರುವ ಕಾಡನ್ನು ಬೇಸಿಗೆಯಲ್ಲಿ ನೋಡಿದ್ದೀರಲ್ವಾ? ಮೇಲೆ ಕೊಂಬೆಗಳು ಬೋಳು, ನೆಲಕ್ಕೆ ಬೆಳಕು ಧಾರಾಳ. ಮಳೆಗಾಲ ಬಂತೆಂದರೆ ಮೇಲೆ ಹಸಿರು ಚಪ್ಪರ, ಕೆಳಗೆ ಮಬ್ಬು. ನೆಲಸಂಪಿಗೆ ಇಂಥ ಜಾಗಕ್ಕೆ ಒಗ್ಗಿದ ಗಿಡ. ಬೇಸಿಗೆಯಲ್ಲಿ ಮೊದಲು ಹೂ. ಅದು ಮುಗಿಯುವ ಹೊತ್ತಿಗೆ ಸುರುಳಿ ಸುತ್ತಿದ ಎಲೆ ಮೇಲೇಳುತ್ತದೆ. ಮಳೆಗಾಲವೆಲ್ಲ ಎಲೆ ದುಡಿಯುತ್ತದೆ. ದೀಪಾವಳಿಯ ಸುಮಾರಿಗೆ ಹಳದಿಯಾಗಿ ಒರಗುತ್ತದೆ. ಆಮೇಲೆ ನೆಲದೊಳಗೆ ನಿದ್ದೆ.

ಎಲೆ ದುಡಿದಿದ್ದೆಲ್ಲ ಗಡ್ಡೆಗೆ ಹೋಗುತ್ತದೆ. ಗಡ್ಡೆಯಿಂದ ಹೊರಟ ಬೇರುಗಳ ತುದಿಯಲ್ಲಿ ನೀರು ತುಂಬಿದ ಸಣ್ಣ ಗೆಡ್ಡೆಗಳು ಜೋತಿರುತ್ತವೆ, ಒಂದು ಗೊಂಚಲು ಶೇಂಗಾ ಕಿತ್ತಂತೆ. ಬೇಸಿಗೆಯಲ್ಲಿ ಎಲೆಯೇ ಇಲ್ಲದೆ ಹೂ ಬಿಡಲು ಈ ಉಳಿತಾಯವೇ ಬಂಡವಾಳ. ಅಂದರೆ ಈ ಸಲದ ಹೂ ಹೋದ ಮಳೆಗಾಲದ ಎಲೆಯ ಗಳಿಕೆ. ಹೂ ಕಡಿಮೆ ಬಂತೆಂದು ಏಪ್ರಿಲ್‌ನಲ್ಲಿ ಗೊಬ್ಬರ ಸುರಿದರೆ ಆ ವರ್ಷ ಏನೂ ಆಗುವುದಿಲ್ಲ. ಆ ತಪ್ಪನ್ನು ನಾನೂ ಮಾಡಿದ್ದೇನೆ.

ಒಂದು ಹೂ ಹೆಚ್ಚುಕಡಿಮೆ ಒಂದೇ ದಿನ ಇರುತ್ತದೆ. ಆದರೆ ಒಂದೇ ಬುಡದಿಂದ ಒಂದರ ಹಿಂದೆ ಒಂದು ನಾಲ್ಕಾರು ಬರುತ್ತವೆ. ಹತ್ತು ಗಡ್ಡೆ ಇದ್ದರೆ ಎರಡು-ಮೂರು ವಾರ ಹೂವಿಗೆ ಕೊರತೆಯಿಲ್ಲ. ವಾಸನೆ ಸಣ್ಣಗೆ, ಹಿತವಾಗಿರುತ್ತದೆ. ಅದಕ್ಕೆ ಮೊಣಕಾಲೂರಿ ಬಗ್ಗಬೇಕು. ಮೊಣಕಾಲು ನೋವಿರುವವರು ಕಟ್ಟೆಯ ಅಂಚಿಗೆ ನೆಡಿ, ಕೂತಲ್ಲೇ ಸಿಗುತ್ತದೆ.

ಜಾಗ: ಕೈಯ ನೆರಳು ನೋಡಿ ನಿರ್ಧರಿಸಿ

"ನೆರಳು" ಎಂದರೆ ಎಂಥ ನೆರಳು? ಗೋಡೆಯ ಹಿಂದಿನ ಕತ್ತಲೆಯಲ್ಲಿ ಎಲೆ ಬರುತ್ತದೆ, ಹೂ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತದೆ. ಬಟಾಬಯಲಲ್ಲಿ ಎಲೆಯ ಅಂಚು ಸುಟ್ಟು ಹಪ್ಪಳವಾಗುತ್ತದೆ. ಬೇಕಾದದ್ದು ಚದುರಿದ ಬೆಳಕು. ಬೆಳಗಿನ ಎಳೆ ಬಿಸಿಲು ಎರಡು-ಮೂರು ತಾಸು ಬಿದ್ದರೆ ಒಳ್ಳೆಯದೇ. ಮಧ್ಯಾಹ್ನದ ಬಿಸಿಲು ಮಾತ್ರ ನೇರ ತಾಗಬಾರದು.

ನಾನು ಮಾಡುವ ಪರೀಕ್ಷೆ ಇದು. ಮಧ್ಯಾಹ್ನ ಒಂದು ಗಂಟೆಗೆ ಆ ಜಾಗದಲ್ಲಿ ನಿಂತು ಕೈ ಚಾಚಿ. ನೆಲದ ಮೇಲೆ ಐದೂ ಬೆರಳು ಬಿಡಿಬಿಡಿಯಾಗಿ ಕಂಡರೆ ಬಿಸಿಲು ಜಾಸ್ತಿ. ಕೈಯ ನೆರಳು ಮಸುಕಾಗಿ, ಅಂಚು ಕಲಸಿದಂತೆ ಕಂಡರೆ ಸರಿಯಾದ ಜಾಗ. ನೆರಳೇ ಬೀಳದಿದ್ದರೆ ಕತ್ತಲೆ ಹೆಚ್ಚಾಯಿತು, ಮರದ ಕೆಳಗಿನ ಒಂದೆರಡು ಕೊಂಬೆ ತೆಗೆಯಬೇಕು.

ಬೆಳಗಾವಿಯ ಟಿಳಕವಾಡಿ, ಹಿಂದವಾಡಿ, ಕ್ಯಾಂಪ್ ಕಡೆಯ ಹಳೇ ಮನೆಗಳಲ್ಲಿ ಮಾವು, ಹಲಸು, ಪೇರಲ ಇದ್ದೇ ಇರುತ್ತವೆ. ಮೂರೂ ನಡೆಯುತ್ತವೆ. ಚಿಕ್ಕು ಮರವಾದರೆ ಕೊಂಬೆ ನೆಲಕ್ಕೆ ತಾಗುವಷ್ಟು ಇಳಿದಿರುತ್ತದೆ, ಸೊಂಟದೆತ್ತರಕ್ಕೆ ಸವರಿ. ಹುಣಸೆ ಮತ್ತು ನೀಲಗಿರಿಯ ಬುಡಕ್ಕೆ ಹೋಗಬೇಡಿ.

ಕಾಂಡದಿಂದ ಕನಿಷ್ಠ ನಾಲ್ಕೈದು ಅಡಿ ದೂರ ಇರಿ. ಹತ್ತಿರ ಹೋದಷ್ಟೂ ಬೇರು ದಪ್ಪ. ಕುರ್ಪಿಗೆ ಹೆಬ್ಬೆರಳಿಗಿಂತ ದಪ್ಪ ಬೇರು ಸಿಕ್ಕರೆ ಕಡಿಯದೆ ಪಕ್ಕಕ್ಕೆ ಸರಿದುಕೊಳ್ಳಿ. ಮರಕ್ಕೂ ಒಳ್ಳೆಯದು, ನಿಮ್ಮ ತೋಳಿಗೂ ಒಳ್ಳೆಯದು. ಇನ್ನೊಂದು ಮಾತು. ಮಕ್ಕಳು ಕಾಯಿಗೆ ಕಲ್ಲೆಸೆದು ಆಯಲು ಓಡುವ ಕಡೆ ನೆಡಬೇಡಿ. ಮಾವಿನಕಾಯಿ ಬಲಿಯುವ ಕಾಲಕ್ಕೇ ಇದೂ ಹೂ ಬಿಡುತ್ತದೆ, ಹುಡುಗರ ಕಣ್ಣು ಮೇಲೆ, ಕಾಲು ಹೂವಿನ ಮೇಲೆ.

ಗಡ್ಡೆ ಎಲ್ಲಿಂದ ತರಬೇಕು

ಒಳ್ಳೆಯ ದಾರಿ ಎಂದರೆ ಬೆಳೆಸಿದವರ ಮನೆಯಿಂದ ಕೇಳಿ ತರುವುದು. ನನಗೆ ಮೊದಲ ಆರು ಗಡ್ಡೆ ಕೊಟ್ಟಿದ್ದು ನಮ್ಮ ಅತ್ತೆ. ಅವರ ತವರು ಖಾನಾಪುರ ತಾಲೂಕಿನ ಹಳ್ಳಿ. ಅಲ್ಲಿ ತುಳಸಿ ಕಟ್ಟೆಯ ಹಿಂದೆ ಒಂದು ಪಾತಿ ತುಂಬ ಇತ್ತು. ಮೂರು ವರ್ಷ ತುಂಬಿದ ಬುಡವನ್ನು ಹೇಗೂ ಬಿಡಿಸಲೇಬೇಕು, ಹಾಗಾಗಿ ಇರುವವರು ಇಲ್ಲ ಅನ್ನುವುದಿಲ್ಲ.

ಕಾಡಿಗೆ ಹೋಗಿ ಕಿತ್ತು ತರುವುದು ಬೇಡ. ಜಾಂಬೋಟಿ, ಖಾನಾಪುರದ ಕಡೆ ಮಳೆಗಾಲದ ಮೊದಲಲ್ಲಿ ಕಾಡರಿಶಿನದ ಹೂ, ನೆಲದ ಆರ್ಕಿಡ್ ನೋಡಿ ಕೈ ತುರಿಸುವುದು ಸಹಜ. ಭೀಮಗಡ ವನ್ಯಜೀವಿ ಧಾಮ ಅದೇ ತಾಲೂಕಿನಲ್ಲಿದೆ. ಅದರೊಳಗಿಂದ ಗಿಡ ತೆಗೆಯುವುದು 1972ರ ವನ್ಯಜೀವಿ ಕಾಯ್ದೆಯ ಕೆಳಗೆ ಅಪರಾಧ. ಕಾನೂನು ಬದಿಗಿಟ್ಟರೂ, ಹೂ ಬಿಟ್ಟಾಗ ಕಿತ್ತ ಕಾಡುಗಿಡ ಮನೆಗೆ ಬಂದು ಬದುಕುವುದು ಅಪರೂಪ. ಫೋಟೋ ತೆಗೆದುಕೊಂಡು ಬನ್ನಿ.

ಕೊಳ್ಳುವವರು ಎರಡು ವಿಷಯ ನೋಡಬೇಕು. ಮೊದಲನೆಯದು, ಕೈಗೆ ಬಂದಿದ್ದು ನಿಜವಾದ ಗಡ್ಡೆಯೋ, ಬರೀ ಬೇರಿನ ಗೆಡ್ಡೆಯೋ? ಒಮ್ಮೆ ಒಂದು ನರ್ಸರಿಯಿಂದ ಹನ್ನೆರಡು "ಗಡ್ಡೆ" ತಂದೆ. ಬೆಳ್ಳಗೆ, ಗುಂಡುಗುಂಡಗೆ, ನೋಡಲು ಚಂದ. ನೆಟ್ಟು ಮೂರು ತಿಂಗಳು ಕಾದೆ. ಒಂದೂ ಮೊಳೆಯಲಿಲ್ಲ. ಆಮೇಲೆ ಅಗೆದು ನೋಡಿದರೆ ಅವೆಲ್ಲ ಬೇರಿನ ತುದಿಯ ನೀರಿನ ಗೆಡ್ಡೆಗಳು. ಅವುಗಳಲ್ಲಿ ಕಣ್ಣೇ ಇರುವುದಿಲ್ಲ, ಮೊಳೆಯುವುದು ಎಲ್ಲಿಂದ? ಅರಿಶಿನದ ಬಿತ್ತನೆ ಕೊಂಬಿನ ಹಾಗೆ, ಮೇಲ್ಗಡೆ ಒಂದಾದರೂ ಮೊನಚು ಕಣ್ಣಿರುವ ನಡುಗಡ್ಡೆ ಬೇಕು. ಅದಕ್ಕೆ ನಾಲ್ಕಾರು ಬೇರಿನ ಗೆಡ್ಡೆ ಅಂಟಿಕೊಂಡಿದ್ದರೆ ಇನ್ನೂ ಒಳ್ಳೆಯದು, ಅವನ್ನು ಮುರಿಯಬೇಡಿ. ಒತ್ತಿದರೆ ಗಟ್ಟಿಯಾಗಿರಬೇಕು. ಮೆತ್ತಗಾಗಿ ಕೆಟ್ಟ ವಾಸನೆ ಬಂದರೆ ವಾಪಸ್ಸು ಕೊಡಿ.

ಎರಡನೆಯದು, ಹೆಸರಿನ ಗೊಂದಲ. ಕಚ್ಚೂರ ಎಂದು ಕೊಡುವ ಗಿಡ ಇದರ ಹತ್ತಿರದ ನೆಂಟ. ಅದರ ಎಲೆ ಅಗಲವಾಗಿ ನೆಲಕ್ಕೆ ಅಂಟಿದಂತೆ ಮಲಗಿರುತ್ತದೆ, ಹೂ ಮಳೆಗಾಲದಲ್ಲಿ ಎಲೆಗಳ ನಡುವಿನಿಂದ ಬರುತ್ತದೆ. ನೆಲಸಂಪಿಗೆಯ ಎಲೆ ನೆಟ್ಟಗೆ ನಿಲ್ಲುತ್ತದೆ, ಒಂದು-ಒಂದೂವರೆ ಅಡಿ ಎತ್ತರ. ಮೇಲ್ಭಾಗದಲ್ಲಿ ಕಡುಹಸಿರು-ತಿಳಿಹಸಿರಿನ ಚಿತ್ತಾರ, ಅಡಿಭಾಗ ನೇರಳೆ. ಮಳೆಗಾಲದಲ್ಲಿ ಕೊಳ್ಳುವವರು ಎಲೆ ತಿರುಗಿಸಿ ನೋಡಿದರೆ ಸಾಕು.

ಈ ಗಡ್ಡೆಯನ್ನು ಊತಕ್ಕೆ, ಗಾಯಕ್ಕೆ ಔಷಧಿಯಾಗಿ ಬಳಸುತ್ತಾರೆ. ನಾನು ಹೇಳುತ್ತಿರುವುದು ಹೂವಿನ ವಿಷಯ ಮಾತ್ರ. ಅರೆದು ಕುಡಿಯುವ ಪ್ರಯೋಗ ಮಾಡಬೇಡಿ.

ಮಣ್ಣು: ಎರಿಯೋ ಮಸಾರಿಯೋ

ಬೆಳಗಾವಿ ಊರಲ್ಲಿ, ಖಾನಾಪುರದ ಕಡೆ ಮಸಾರಿ, ಅಂದರೆ ಕೆಂಪು ಮಣ್ಣಿದ್ದವರಿಗೆ ಅರ್ಧ ಕೆಲಸ ಮುಗಿದಂತೆ. ಬೈಲಹೊಂಗಲ, ಸವದತ್ತಿ ದಾಟಿ ಬಾಗಲಕೋಟೆ, ವಿಜಯಪುರದ ಕಡೆ ಹೋದರೆ ಎರಿ, ಅಂದರೆ ಕಪ್ಪು ಮಣ್ಣಿನ ಭೂಮಿ. ಎರಿ ಮಣ್ಣು ಜೋಳಕ್ಕೆ, ಕಡಲೆಗೆ ತಾಯಿ ಇದ್ದ ಹಾಗೆ. ನೀರು ಹಿಡಿದು ಇಟ್ಟುಕೊಳ್ಳುವ ಅದೇ ಗುಣ ನೆಲಸಂಪಿಗೆಗೆ ಯಮ. ಒಂದು ವಾರ ಹಸಿಯಲ್ಲಿ ಕೂತರೆ ಗಡ್ಡೆ ಕೊಳೆಯುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟರೆ ಬೇರು ಹರಿಯುತ್ತದೆ.

ಒಂದು ಅಡಿ ಗುಂಡಿ ತೆಗೆದು ನೀರು ತುಂಬಿ. ಇಂಗಿದ ಮೇಲೆ ಮತ್ತೊಮ್ಮೆ ತುಂಬಿ. ಎರಡನೇ ಸಲದ ನೀರು ನಾಲ್ಕು ತಾಸಾದರೂ ನಿಂತೇ ಇದ್ದರೆ ಅಲ್ಲಿ ನೇರವಾಗಿ ನೆಡಬೇಡಿ, ಏರುಮಡಿ ಮಾಡಿ. ಎಂಟು-ಹತ್ತು ಇಂಚು ಎತ್ತರ ಸಾಕು. ಸುತ್ತ ಹಳೇ ಹಂಚು, ಕಲ್ಲು, ಏನಿದೆಯೋ ಅದನ್ನು ಇಡಿ. ಏರುಮಡಿಯ ಮಣ್ಣು ಮಾವಿನ ಕಾಂಡಕ್ಕೆ ಒರಗದಂತೆ ನೋಡಿಕೊಳ್ಳಿ. ತೊಗಟೆಯ ಸುತ್ತ ಹಸಿ ಮಣ್ಣು ನಿಂತರೆ ಮರ ಕೊಳೆಯುತ್ತದೆ, ಹೂವಿನ ಆಸೆಗೆ ಮರ ಕಳೆದುಕೊಳ್ಳುವುದು ಬೇಡ.

ನನ್ನ ಅಳತೆ ಹೀಗಿದೆ: ಎರಡು ಬುಟ್ಟಿ ಮಸಾರಿ ಮಣ್ಣು, ಒಂದು ಬುಟ್ಟಿ ಎಲೆಗೊಬ್ಬರ, ಅರ್ಧ ಬುಟ್ಟಿ ಚೆನ್ನಾಗಿ ಕಳಿತ ಹಳೇ ತಿಪ್ಪೆಗೊಬ್ಬರ, ಅರ್ಧ ಬುಟ್ಟಿ ದಪ್ಪ ಮರಳು. ಇದಕ್ಕೆ ಎರಡು ಹಿಡಿ ಬೇವಿನ ಹಿಂಡಿ. ತಿಪ್ಪೆಗೊಬ್ಬರ ಕೈಯಲ್ಲಿ ಹಿಡಿದರೆ ಪುಡಿಪುಡಿಯಾಗಬೇಕು, ಸೆಗಣಿ ವಾಸನೆ ಬರಬಾರದು. ಹಸಿ ಗೊಬ್ಬರ ಹಾಕಿದರೆ ಗೊಬ್ಬರದ ಹುಳು ಗಡ್ಡೆಯನ್ನೂ ಬಿಡುವುದಿಲ್ಲ.

ಎಲೆಗೊಬ್ಬರಕ್ಕೆ ದುಡ್ಡು ಕೊಡಬೇಡಿ. ಉದುರಿದ ಎಲೆ ಸುಡುವ ಬದಲು ಮೂಲೆಯಲ್ಲಿ ಗುಡ್ಡೆ ಹಾಕಿ, ಆಗಾಗ ನೀರು ಚಿಮುಕಿಸಿ. ಮಾವಿನ ಎಲೆ ಚರ್ಮದಂತೆ ದಪ್ಪ. ಇಡಿಯಾಗಿ ಹಾಕಿದರೆ ಒಂದರ ಮೇಲೊಂದು ಅಂಟಿ ತಾಡಪಾಲಿನಂತಾಗುತ್ತದೆ. ಒಣಗಿದ್ದಾಗ ಕಾಲಲ್ಲಿ ತುಳಿದು ಪುಡಿಮಾಡಿ ಹಾಕಿ. ಒಂದು ವರ್ಷಕ್ಕೆ ಕಪ್ಪು ಬಂಗಾರ ಸಿಗುತ್ತದೆ.

ನೆಡುವುದು

ಶಿವರಾತ್ರಿಗೆ ಚಳಿ "ಶಿವ ಶಿವ" ಎಂದು ಹೋಗುತ್ತದಲ್ಲ, ಅಲ್ಲಿಂದ ಹೋಳಿ ಹುಣ್ಣಿಮೆಯವರೆಗೆ ನೆಡಲು ಸರಿಯಾದ ಕಾಲ. ಗಡ್ಡೆ ಇನ್ನೂ ನಿದ್ದೆಯಲ್ಲಿರುತ್ತದೆ, ಏಳುವ ಮೊದಲು ಹೊಸ ಜಾಗಕ್ಕೆ ಹೋಗಿರುತ್ತದೆ.

ಎರಡು ಬೆರಳಿನ ಆಳ, ಅಂದರೆ ನಾಲ್ಕೈದು ಸೆಂಟಿಮೀಟರ್. ಕಣ್ಣು ಮೇಲೆ, ಬೇರಿನ ಗೆಡ್ಡೆಗಳು ಕೆಳಗೆ. ಅವುಗಳನ್ನು ಮಡಚಿ ತುರುಕದೆ ಗುಂಡಿಯನ್ನು ಅಗಲ ಮಾಡಿ ಹರಡಿ ಕೂರಿಸಿ. ಗಡ್ಡೆಯಿಂದ ಗಡ್ಡೆಗೆ ಒಂದು ಗೇಣು. ಸಾಲು ಹಿಡಿದು ನೆಡಬೇಡಿ, ಇದು ಗೋವಿನಜೋಳವಲ್ಲ. ಐದೈದು ಗಡ್ಡೆ ಗುಂಪು ಮಾಡಿ ನೆಟ್ಟರೆ ಹೂ ಬಂದಾಗ ಕಣ್ಣಿಗೆ ತುಂಬುತ್ತದೆ.

ನೆಟ್ಟ ದಿನ ಒಮ್ಮೆ ಚೆನ್ನಾಗಿ ನೀರು ಕೊಡಿ. ಮತ್ತೆ ಕೈ ಕಟ್ಟಿಕೊಂಡು ಕೂರಬೇಕು. ಸಣ್ಣ ಗಡ್ಡೆ ಮೊದಲ ವರ್ಷ ಬರೀ ಎಲೆ ಬಿಡಬಹುದು. ಬೇಜಾರಾಗಬೇಡಿ, ಅದು ಮುಂದಿನ ವರ್ಷದ ಹೂವಿಗೆ ಗಂಟು ಕಟ್ಟುತ್ತಿದೆ.

ನೀರಿನ ಲೆಕ್ಕ

ಹೋಳಿ ಮುಗಿದ ಮೇಲೆ ವಾರಕ್ಕೊಮ್ಮೆ ನೆಲ ತಣಿಯುವಷ್ಟು ನೀರು ಚಿಮುಕಿಸಿ. ಪೈಪು ಹಿಡಿದು ರಭಸವಾಗಿ ಬಿಡಬೇಡಿ, ಮೇಲಿನ ಮಣ್ಣು ಕೊಚ್ಚಿಹೋಗಿ ಗಡ್ಡೆ ಬಯಲಾಗುತ್ತದೆ. ಅಶ್ವಿನಿ, ಭರಣಿ ಮಳೆ ಒಂದೆರಡು ಹನಿಸಿದರೂ ಹೂ ಎದ್ದು ಬರುತ್ತದೆ. ಮಳೆ ಬಾರದಿದ್ದರೆ ಒಂದು ಸಂಜೆ ಎರಡು ಬಿಂದಿಗೆ ಜಾಸ್ತಿ ಹಾಕಿ ನೋಡಿ, ಮೋಸ ಹೋಗಿ ಏಳುತ್ತದೆ.

ಎಲೆ ಎದ್ದ ಮೇಲೆ ಮಣ್ಣು ಪೂರ್ತಿ ಒಣಗಬಾರದು. ಮಿರಗದ ಮಳೆ ಹಿಡಿದರೆ ಬೆಳಗಾವಿಯವರಿಗೆ ನೀರಿನ ಚಿಂತೆ ಮುಗಿಯಿತು. ಆರಿದ್ರಾ, ಪುನರ್ವಸುವಿನಲ್ಲಿ ನಮ್ಮ ಚಿಂತೆ ಉಲ್ಟಾ, ನೀರು ಹೊರಗೆ ಹೋಗಲು ದಾರಿ ಇದೆಯೇ ಎಂದು ನೋಡಬೇಕು. ಮಾಳಿಗೆಯ ಪೈಪಿನ ನೀರು ಪಾತಿಗೆ ಬೀಳುತ್ತಿದ್ದರೆ ಇವತ್ತೇ ತಿರುಗಿಸಿ. ವಿಜಯಪುರದ ಕಡೆ ಮಳೆಯ ಜೋರು ಸೆಪ್ಟೆಂಬರ್‌ಗೆ, ಉತ್ತರೆ-ಹಸ್ತದ ಹೊತ್ತಿಗೆ. ಅಲ್ಲಿಯವರು ಜೂನ್-ಜುಲೈನಲ್ಲಿ ಎರಡು-ಮೂರು ದಿನಕ್ಕೊಮ್ಮೆ ನೀರು ಕೊಡಲೇಬೇಕು.

ಸೀಗಿ ಹುಣ್ಣಿಮೆಯಿಂದ ನೀರು ಕಡಿಮೆ ಮಾಡುತ್ತ ಬನ್ನಿ. ಎಲೆ ಹಳದಿಯಾಗಲು ಶುರುವಾದರೆ ಪೂರ್ತಿ ನಿಲ್ಲಿಸಿ. ಎಲೆ ಒಣಗುತ್ತಿದೆ ಎಂದು ಗಾಬರಿಯಾಗಿ ಇನ್ನಷ್ಟು ನೀರು ಹಾಕುವವರೇ ಹೆಚ್ಚು. ಗಡ್ಡೆ ಕೊಳೆಯುವುದು ಆಗಲೇ.

ಮಳೆಗಾಲದ ಕೆಲಸ

ಗೊಬ್ಬರ ಕೊಡುವ ಕಾಲ ಇದು. ಕಾರ ಹುಣ್ಣಿಮೆಗೆ ಒಮ್ಮೆ, ನಾಗರ ಪಂಚಮಿಗೆ ಒಮ್ಮೆ, ಬುಡದ ಸುತ್ತ ಒಂದೊಂದು ಹಿಡಿ ಎರೆಹುಳು ಗೊಬ್ಬರ ಹಾಕಿ ಮಣ್ಣೆಳೆಯಿರಿ. ಯೂರಿಯಾ ಬೇಡ. ಎಲೆ ರಸರಸವಾಗಿ ಉಬ್ಬುತ್ತದೆ, ಕೊಳೆರೋಗಕ್ಕೆ ಕರೆ ಕೊಟ್ಟಂತೆ.

ಮೇಲುಹೊದಿಕೆಗೆ ನಮ್ಮ ಕಡೆ ಕಬ್ಬಿನ ರವದಿಗೆ, ಅಂದರೆ ಒಣ ಗರಿಗೆ ಬರವಿಲ್ಲ. ಎರಡು ಇಂಚು ಹರಡಿ. ಕಳೆ ಬರುವುದಿಲ್ಲ, ಮಳೆಯ ಹನಿಗೆ ಮಣ್ಣು ಸಿಡಿದು ಎಲೆಗೆ ಅಂಟುವುದಿಲ್ಲ. ಒಣ ಪ್ರದೇಶದಲ್ಲಿ ರವದಿಗೆ ಗೆದ್ದಲು ಹತ್ತುತ್ತದೆ, ಕೆಳಗೆ ಸ್ವಲ್ಪ ಬೇವಿನ ಹಿಂಡಿ ಉದುರಿಸಿ. ಒಂದು ವಿಷಯ ಮರೆಯಬೇಡಿ: ಮಾರ್ಚ್ ಬಂದಾಗ ಈ ಹೊದಿಕೆಯನ್ನು ಒಂದು ಬೆರಳಿನಷ್ಟಕ್ಕೆ ಇಳಿಸಿ. ಹೂ ಅರಳುವುದು ನೆಲಮಟ್ಟದಲ್ಲಿ. ದಪ್ಪ ರವದಿ ಇದ್ದರೆ ಅದರ ಕೆಳಗೇ ಅರಳಿ ಅಲ್ಲೇ ಬಾಡುತ್ತದೆ. ಒಂದು ವರ್ಷ ನಮ್ಮಲ್ಲಿ ಹೂವೇ ಬರಲಿಲ್ಲ ಎಂದುಕೊಂಡಿದ್ದೆ. ಮೇ ತಿಂಗಳಲ್ಲಿ ಹೊದಿಕೆ ಸರಿಸಿದರೆ ಕಂದಿದ ಹೂಗಳ ಸಾಲೇ ಇತ್ತು.

ಬಸವನಹುಳುಗಳಿಗೆ ಎಳೆ ಎಲೆ ಎಂದರೆ ಹಬ್ಬದೂಟ. ಸುರುಳಿಯಲ್ಲಿದ್ದಾಗಲೇ ತೂತು ಮಾಡುತ್ತವೆ. ಎಲೆ ಬಿಚ್ಚಿದಾಗ ಕಾಗದ ಕತ್ತರಿಸಿದ ಹಾಗೆ ಸಾಲಾಗಿ ರಂಧ್ರ ಕಾಣುತ್ತದೆ. ಸಂಜೆ ಒಂದು ಗೋಣಿತಟ್ಟು ನೆನೆಸಿ, ಕೆಳಗೆ ಕೋಸಿನ ಎಲೆ ಇಟ್ಟು ಪಾತಿಯ ಪಕ್ಕ ಹಾಸಿ. ಬೆಳಗ್ಗೆ ತಟ್ಟು ಎತ್ತಿದರೆ ಅಷ್ಟೂ ಅಡಿಗೆ ಕೂತಿರುತ್ತವೆ. ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಪಾತಿಗೇ ಉಪ್ಪು ಎರಚುವವರಿದ್ದಾರೆ. ಹುಳುವಿನ ಜತೆ ಗಿಡವೂ ಹೋಗುತ್ತದೆ, ಅದು ಬೇಡ.

ಕಾಂಡದಲ್ಲಿ ಸಣ್ಣ ತೂತು, ಅದರಿಂದ ಹಿಕ್ಕೆ ಹೊರಬಿದ್ದು ನಡುವಿನ ಎಲೆ ಒಣಗಿದ್ದರೆ ಸುಳಿ ಕೊರೆಯುವ ಹುಳು. ಅರಿಶಿನ ಬೆಳೆಯುವವರಿಗೆ ಇದರ ಪರಿಚಯವಿದೆ. ಆ ಒಂದು ಕಾಂಡ ಬುಡಕ್ಕೆ ಕತ್ತರಿಸಿ ಸುಟ್ಟರೆ ಮನೆ ತೋಟಕ್ಕೆ ಅಷ್ಟೇ ಸಾಕು.

ಬುಡ ಮೆತ್ತಗಾಗಿ ಎಲೆ ಎಳೆದರೆ ಕೈಗೆ ಬಂದುಬಿಟ್ಟರೆ ಕೊಳೆರೋಗ. ಆ ಗಡ್ಡೆ ಅಗೆದು ತೆಗೆಯಿರಿ. ಕೊಳೆತ ಭಾಗವನ್ನು ಬಿಳಿ ತಿರುಳು ಕಾಣುವವರೆಗೆ ಕತ್ತರಿಸಿ, ಒಲೆಯ ಬೂದಿ ಸವರಿ, ನೆರಳಲ್ಲಿ ಎರಡು ದಿನ ಆರಿಸಿ ಬೇರೆ ಕಡೆ ನೆಡಿ. ಮೊದಲಿನ ಜಾಗದ ಮಣ್ಣಿಗೆ ಟ್ರೈಕೋಡರ್ಮಾ (ಕೊಳೆರೋಗ ತಡೆಯುವ ಉಪಕಾರಿ ಶಿಲೀಂಧ್ರ) ಬೆರೆಸಿದ ಗೊಬ್ಬರ ಹಾಕಿ. ಆ ವರ್ಷ ಅಲ್ಲಿ ಇದೇ ಜಾತಿಯ ಗಿಡ ಬೇಡ, ಅರಿಶಿನ-ಶುಂಠಿಯೂ ಬೇಡ.

ಕಾಣದ ತಿಂಗಳುಗಳು

ಈಗ ಮುಖ್ಯ ವಿಷಯಕ್ಕೆ ಬರೋಣ. ನವೆಂಬರ್ ಕೊನೆಗೆ ಎಲೆಯೆಲ್ಲ ಒಣಗಿ ಹುಲ್ಲಿನಂತಾಗುತ್ತದೆ. ಹಸಿರಿರುವಾಗ ಕತ್ತರಿಸಬೇಡಿ. ಹಳದಿಯಾಗುತ್ತಿರುವ ಎಲೆಯಿಂದ ಗಡ್ಡೆಗೆ ಇನ್ನೂ ಸಾಗಣೆ ನಡೆದಿರುತ್ತದೆ. ಪೂರ್ತಿ ಒಣಗಿ, ಮುಟ್ಟಿದರೆ ತಾನೇ ಕಳಚಿಬರುವ ಹಾಗಾದ ಮೇಲೆ ತೆಗೆಯಿರಿ.

ಆಮೇಲೆ ಅಲ್ಲಿ ಏನೂ ಇರುವುದಿಲ್ಲ. ಎಳ್ಳ ಅಮಾವಾಸ್ಯೆಗೆ ಬಂದ ನೆಂಟರು "ಈ ಜಾಗ ಯಾಕೆ ಸುಮ್ನೆ ಬಿಟ್ಟೀರಿ?" ಎಂದು ಕೇಳಿಯೇ ಕೇಳುತ್ತಾರೆ. ನನಗೂ ಎರಡನೇ ವರ್ಷ ಹಾಗೇ ಅನಿಸಿತ್ತು. ಮಾಲಿ ಬಂದಿದ್ದ. "ಅಕ್ಕಾರ, ಇಲ್ಲೇನಿಲ್ಲರಿ, ಬರೀ ಖಾಲಿ ಐತಿ. ಚೆಂಡುಹೂವಿನ ಸಸಿ ಹಚ್ಚಲೇನ್ರಿ?" ಎಂದ. ನಾನು ಬೇರೆ ಕೆಲಸದಲ್ಲಿದ್ದೆ, ಹೂಂ ಅಂದೆ. ಗುದ್ದಲಿ ಹಾಕಿ ಅಗೆದ. ಚೂರುಚೂರಾದ ಗಡ್ಡೆಗಳನ್ನು ಕಳೆಯ ಗಡ್ಡೆ ಎಂದುಕೊಂಡು ಗೋಡೆಯಾಚೆ ಎಸೆದ. ಉಳಿದವು ಚೆಂಡುಹೂವಿಗೆ ದಿನಾ ಹಾಕಿದ ನೀರಿಗೆ ಕೊಳೆತವು. ಆರು ಗಡ್ಡೆ ಹದಿನಾಲ್ಕಾಗಿದ್ದವು, ಬೇಸಿಗೆಗೆ ಎದ್ದಿದ್ದು ಒಂದು. ತಪ್ಪು ಮಾಲಿಯದಲ್ಲ, ಗುರುತು ಹಾಕದ ನನ್ನದು.

ಮತ್ತೆ ಅತ್ತೆಯ ಹತ್ತಿರ ಗಡ್ಡೆ ಕೇಳಲು ಹೋದಾಗ ಅವರು ಬಯ್ಯಲಿಲ್ಲ. "ಅದು ಮಲ್ಕೊಂಡಿರ್ತೈತಿ, ಎಬ್ಬಸಬಾರ್ದವಾ" ಎಂದು ಇನ್ನೈದು ಕೊಟ್ಟರು.

ಅಂದಿನಿಂದ ನಾನು ಮಾಡುವುದು ಇಷ್ಟು. ಎಲೆ ಹಸಿರಿರುವಾಗಲೇ, ಸೆಪ್ಟೆಂಬರ್‌ನಲ್ಲಿ, ಪ್ರತಿ ಗುಂಪಿನ ಸುತ್ತ ನಾಲ್ಕು ಕಲ್ಲು ಹುಗಿಯುತ್ತೇನೆ. ಸುಣ್ಣ ಬಳಿದ ಕಲ್ಲಾದರೆ ಎಲೆ ಉದುರಿ ಮುಚ್ಚಿದರೂ ಕಾಣುತ್ತದೆ. ಬಿದಿರಿನ ಕಡ್ಡಿ ನೆಟ್ಟು ನೋಡಿದ್ದೆ, ಅದನ್ನು ಮಕ್ಕಳು ಬಿಲ್ಲು-ಬಾಣಕ್ಕೆ ಒಯ್ದರು. ಫೋನಿನಲ್ಲಿ ಒಂದು ಫೋಟೋ ಕೂಡ ತೆಗೆದಿಡಿ, ಮರದ ಬುಡ ಮತ್ತು ಗೋಡೆ ಎರಡೂ ಕಾಣುವ ಹಾಗೆ. ತೋಟಕ್ಕೆ ಯಾರೇ ಕೆಲಸಕ್ಕೆ ಬರಲಿ, ಮೊದಲು ಆ ಕಲ್ಲು ತೋರಿಸಿ. ಮನೆಯವರಿಗೂ ತೋರಿಸಿ.

ಈ ತಿಂಗಳುಗಳಲ್ಲಿ ನೀರು ಬೇಡ. ಗೊಬ್ಬರ ಬೇಡ. ಅಗೆತ ಬೇಡ. ಪಕ್ಕದಲ್ಲಿ ಹುಲ್ಲುಹಾಸಿದ್ದು ಅದಕ್ಕೆ ದಿನಾ ನೀರು ಸಿಡಿಯುತ್ತಿದ್ದರೆ ನಡುವೆ ಒಂದು ಸಾಲು ಇಟ್ಟಿಗೆ ಇಡಿ. ಕೋಳಿ ಸಾಕಿದವರು ಪಾತಿಯ ಮೇಲೆ ಜಾಲರಿಯೋ ಮುಳ್ಳು ಕೊಂಬೆಯೋ ಹಾಕಬೇಕು, ಕೆದರುವುದರಲ್ಲಿ ಅವು ಮಾಲಿಗಿಂತ ಚುರುಕು. ಹೆಗ್ಗಣದ ಕಾಟವಿದ್ದರೂ ಜಾಲರಿಯೇ ಗತಿ. ಅಂಚು ಒಂದು ಗೇಣು ಮಣ್ಣೊಳಗೆ ಹೋಗಬೇಕು.

ಖಾಲಿ ಜಾಗ ನೋಡಲು ಆಗುವುದೇ ಇಲ್ಲ ಎನ್ನುವವರು ಕುಂಡದಲ್ಲಿ ಬೆಳೆದ ಯಾವುದಾದರೂ ಗಿಡವನ್ನು ಕುಂಡದ ಸಮೇತ ಪಾತಿಯ ಅಂಚಿಗೆ ತಂದಿಡಿ. ಮಾರ್ಚ್‌ಗೆ ಎತ್ತಿಬಿಡಿ.

ವಿಜಯಪುರ, ಬಾಗಲಕೋಟೆಯವರಿಗೆ

ನನ್ನ ತಂಗಿ ವಿಜಯಪುರದಲ್ಲಿದ್ದಾಳೆ. ಮೊದಲ ವರ್ಷ ಒಯ್ದ ಗಡ್ಡೆಗಳನ್ನು ಎರಿ ಮಣ್ಣಲ್ಲಿ, ಬೇವಿನ ಮರದ ಬುಡಕ್ಕೆ ನೆಟ್ಟಳು. ಸೆಪ್ಟೆಂಬರ್ ಮಳೆಗೆ ಫೋನ್ ಬಂತು: "ಅಕ್ಕಾ, ನಿನ್ನ ಗಡ್ಡಿ ಎಲ್ಲಾ ಕೊಳತೇ ಹೋದುವು ನೋಡು." ಈಗ ಅವಳು ಕುಂಡದಲ್ಲೇ ಬೆಳೆಸುತ್ತಾಳೆ, ನನಗಿಂತ ಚಂದ ಬರುತ್ತದೆ.

ಆಳಕ್ಕಿಂತ ಅಗಲವಿರುವ ಮಣ್ಣಿನ ಕುಂಡ ಬೇಕು. ಹನ್ನೆರಡು ಇಂಚು ಬಾಯಿ, ಎಂಟು ಇಂಚು ಆಳವಿದ್ದರೆ ಮೂರು ಗಡ್ಡೆ ಹಿಡಿಸುತ್ತವೆ. ತಳದಲ್ಲಿ ಎರಡು-ಮೂರು ತೂತು, ಅವುಗಳ ಮೇಲೆ ಹಂಚಿನ ಚೂರು. ಮೇಲೆ ಹೇಳಿದ ಮಿಶ್ರಣವೇ ಸಾಕು, ಮರಳು ಸ್ವಲ್ಪ ಜಾಸ್ತಿ. ಏಪ್ರಿಲ್-ಮೇನಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುವ ಊರದು. ಕುಂಡ ಕಾದರೆ ಒಳಗಿನ ಗಡ್ಡೆ ಬೇಯುತ್ತದೆ. ಅದಕ್ಕೆ ಅವಳು ಪಡಸಾಲೆಯ ಪೂರ್ವದ ಅಂಚಿನಲ್ಲಿ ಇಟ್ಟು, ಸುತ್ತ ಒದ್ದೆ ಗೋಣಿತಟ್ಟು ಸುತ್ತುತ್ತಾಳೆ. ಕುಂಡದ ದೊಡ್ಡ ಲಾಭ ಎಂದರೆ ಎಲೆ ಒಣಗಿದ ಮೇಲೆ ಅದನ್ನು ಹಾಗೇ ಎತ್ತಿ ಅಟ್ಟದ ಕೆಳಗೆ ಒಣ ಜಾಗದಲ್ಲಿ ಇಡಬಹುದು. ಅಗೆಯುವವರು ಯಾರೂ ಇಲ್ಲ, ನೀರು ಹಾಕುವವರೂ ಇಲ್ಲ. ಹೋಳಿಗೆ ಹೊರಗೆ ತಂದರಾಯಿತು.

ಕಲಾದಗಿಯ ಕಡೆ ಚಿಕ್ಕು ತೋಟ ಇರುವವರಿಗೆ ಕುಂಡದ ಅಗತ್ಯವಿಲ್ಲ. ಹನಿ ನೀರಾವರಿಯ ಪೈಪು ಮಾತ್ರ ಪಾತಿಯಿಂದ ದೂರ ಹೋಗಬೇಕು. ಮರಕ್ಕೆ ಚಳಿಗಾಲದಲ್ಲಿ ಬಿಡುವ ನೀರು ನಿದ್ದೆಯಲ್ಲಿರುವ ಗಡ್ಡೆಗೆ ಆಗುವುದಿಲ್ಲ.

ಬಿಡಿಸಿ ಹಂಚುವುದು

ಮೂರನೇ ವರ್ಷಕ್ಕೆ ಬುಡ ಇಕ್ಕಟ್ಟಾಗುತ್ತದೆ. ಎಲೆ ದಟ್ಟವಾಗಿದ್ದೂ ಹೂ ಕಡಿಮೆಯಾದರೆ ಅದೇ ಸೂಚನೆ. ಶಿವರಾತ್ರಿಯ ಹೊತ್ತಿಗೆ ಕಲ್ಲಿನ ಗುರುತಿನಿಂದ ಒಂದು ಗೇಣು ಹೊರಗೆ ಸಲಿಕೆ ಇಳಿಸಿ, ಇಡೀ ಮುದ್ದೆಯನ್ನು ಎತ್ತಿ. ಮಣ್ಣನ್ನು ಕೈಯಲ್ಲೇ ಉದುರಿಸಿ, ನೀರಲ್ಲಿ ತೊಳೆಯಬೇಡಿ. ಗಡ್ಡೆಗಳು ಸೇರಿದ ಕಡೆ ಸ್ವಲ್ಪ ತಿರುಚಿದರೆ ತಾವೇ ಬಿಡುತ್ತವೆ. ಬಿಡದಿದ್ದರೆ ಚೂಪಾದ ಚಾಕು. ಪ್ರತಿ ತುಂಡಿಗೂ ಒಂದೆರಡು ಕಣ್ಣು, ನಾಲ್ಕಾರು ಬೇರಿನ ಗೆಡ್ಡೆ ಇರಲಿ. ಕತ್ತರಿಸಿದ ಬಾಯಿಗೆ ಬೂದಿ ಹಚ್ಚಿ, ಒಂದು ದಿನ ನೆರಳಲ್ಲಿ ಆರಿಸಿ, ಮರುದಿನ ನೆಡಿ. ಬೀಜ ಅಪರೂಪ, ಅದನ್ನು ನಂಬಿ ಕೂರಬೇಡಿ.

ಕೆಲವನ್ನು ಬೇರೆಯವರಿಗೆ ಕೊಡಿ, ಕನಿಷ್ಠ ಎರಡು ಮನೆಗೆ. ಇದು ಬರೀ ಒಳ್ಳೆಯತನಕ್ಕೆ ಹೇಳುವ ಮಾತಲ್ಲ. ನಿಮ್ಮ ಪಾತಿಗೆ ಒಂದು ದಿನ ಯಾರೋ ಗುದ್ದಲಿ ಹಾಕಿದಾಗ ವಾಪಸ್ಸು ಕೇಳಲು ಒಂದು ಮನೆ ಇರಬೇಕಲ್ಲ. ನನ್ನವು ಈಗ ಪಕ್ಕದ ವೈನಿಯ ಹಿತ್ತಲಲ್ಲಿ ಒಂಬತ್ತು ಗಡ್ಡೆ, ವಿಜಯಪುರದಲ್ಲಿ ನಾಲ್ಕು ಕುಂಡ ಇವೆ. ಹೋದ ವಾರ ವೈನಿ ಗೋಡೆಯಾಚೆಯಿಂದ ಕೂಗಿ ಕೇಳಿದರು, ಕಲ್ಲಿಗೆ ಸುಣ್ಣದ ಬದಲು ಉಳಿದ ಪೇಂಟ್ ಬಳಿದರೆ ನಡೆಯುತ್ತದಾ ಎಂದು. ನಡೆಯುತ್ತದೆ.